ಸ್ಲ್ಯಾಬ್ ಮೇಲೆ ನಿಂತ ನೀರು, ಐಶ್ವರ್ಯಳ ಎಡಗಾಲು

2017ರ ಸೆಪ್ಟೆಂಬರ್ ಎರಡನೇ ವಾರದ ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ಹತ್ತು ತಿಂಗಳ ಹೆಣ್ಣುಕೂಸೊಂದನ್ನು ಹೈದರಾಬಾದಿನ ಮಿಯಾಪುರದ ನಮ್ಮ ಆರೋಗ್ಯ ಕೇಂದ್ರಕ್ಕೆ ಕರೆತಂದರು. ಕೂಸಿನ ಎಡಪಾದ ಊದಿಕೊಂಡು ಬಲಪಾದದ ಒಂದೂವರೆ ಪಟ್ಟಾಗಿತ್ತು. ಜ್ವರ ನೂರಾ ಎರಡು ಡಿಗ್ರಿ, ತೂಕ ಏಳು ಕಿಲೋ ಇನ್ನೂರು ಗ್ರಾಂ. ಪಾದದ ಮೇಲೆ ಸೊಳ್ಳೆ ಕಚ್ಚಿದ ಗುರುತುಗಳು ಹದಿನಾಲ್ಕು. ಅವುಗಳಲ್ಲಿ ಮೂರು ಒಡೆದು ಕೀವು ಕಟ್ಟಿದ್ದವು.

ನಾನು ಆ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಊರು ಬೀದರ್ ಜಿಲ್ಲೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಪ್ಪತ್ತಾರು ವರ್ಷ ಹೈದರಾಬಾದಿನಲ್ಲೇ ಕಳೆದಿದ್ದೇನೆ. ಮಿಯಾಪುರದಲ್ಲಿ ಆಗ ಮೆಟ್ರೋ ಇನ್ನೂ ಪ್ರಯಾಣಿಕರಿಗೆ ತೆರೆದಿರಲಿಲ್ಲ. ಅದರ ಸುತ್ತ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳು ಏಳುತ್ತಿದ್ದವು. ಕಟ್ಟುವವರಲ್ಲಿ ಬಹಳ ಜನ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಕನ್ನಡ ಬರುವ ನರ್ಸ್ ನಾನೊಬ್ಬಳೇ ಇದ್ದುದರಿಂದ ಕಾರ್ಮಿಕರ ಶೆಡ್‌ಗಳ ಭೇಟಿಯ ಕೆಲಸ ನನಗೆ ಬಂದಿತ್ತು. ಹದಿನೈದು ದಿನಕ್ಕೊಮ್ಮೆ ಹೋಗಿ ಗರ್ಭಿಣಿಯರನ್ನೂ ಕೂಸುಗಳನ್ನೂ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡು ಬರಬೇಕು.

ಕೂಸಿನ ಹೆಸರು ಐಶ್ವರ್ಯ. ಎತ್ತಿಕೊಂಡು ಬಂದವಳು ತಾಯಿ ದುರಗಮ್ಮ, ಇಪ್ಪತ್ತೆರಡು ವರ್ಷದವಳು, ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಜೊತೆಗೆ ಬಂದವರು ಅವಳ ಮಾವ ಅಮರಪ್ಪ, ಲಿಂಗಸುಗೂರು ಕಡೆಯವರು, ಅರವತ್ತರ ಆಸುಪಾಸು, ಅದೇ ಸೈಟಿನಲ್ಲಿ ಕೆಲಸಕ್ಕಿದ್ದರು. ದುರಗಮ್ಮನ ಗಂಡ ನಗರದ ಇನ್ನೊಂದು ಕಡೆ, ಜೀಡಿಮೆಟ್ಲಾದಲ್ಲಿ ಒಂದು ಕಾರ್ಖಾನೆಯ ಶೆಡ್ ಕಟ್ಟುವ ಕೆಲಸದಲ್ಲಿದ್ದ, ಭಾನುವಾರ ಮಾತ್ರ ಬರುತ್ತಿದ್ದ.

ಪಾದವನ್ನು ಉಪ್ಪು ನೀರಿನ ಹತ್ತಿಯಿಂದ ಒರೆಸುವಾಗ ಹತ್ತಿಗೆ ಬಿಳಿ ಪುಡಿ ಹತ್ತಿತು.

"ಇದೇನು ಹಚ್ಚೀರಿ?" ಎಂದೆ.

"ಏನೂ ಹಚ್ಚಿಲ್ರಿ ಅಕ್ಕಾರ," ಎಂದಳು ದುರಗಮ್ಮ.

"ಬೆಳ್ಳಗ ಕಾಣ್ಲಿಕತ್ತದಲ್ಲ?"

ಅವಳು ಮಾವನ ಮುಖ ನೋಡಿದಳು. ಅಮರಪ್ಪ ಅಂಗಿ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ತೋರಿಸಿದರು. "ಸುಣ್ಣರೀ. ಜರಾ ಅಷ್ಟ. ಸೊಳ್ಳಿ ಕಡದಲ್ಲಿ ಸುಣ್ಣ ಹಚ್ಚಿದ್ರ ತುರಿಕಿ ನಿಲ್ತೈತಿ. ನಾ ಸಣ್ಣಾವಿದ್ದಾಗ ನಮ್ಮವ್ವನೂ ಇದನ್ನ ಹಚ್ಚಾಕಿ."

ದೊಡ್ಡವರ ಗಟ್ಟಿ ಚರ್ಮ ತಡೆದುಕೊಳ್ಳುವ ಸುಣ್ಣ ಕೂಸಿನ ಚರ್ಮವನ್ನು ಸುಡುತ್ತದೆ. ಸುಟ್ಟ ಜಾಗ ಉರಿಯುತ್ತದೆ, ಕೂಸು ಇನ್ನೊಂದು ಕಾಲಿನಿಂದ ತಿಕ್ಕುತ್ತದೆ, ಚರ್ಮ ಒಡೆಯುತ್ತದೆ, ಒಡೆದ ಚರ್ಮದೊಳಗೆ ಕೊಳೆ ಸೇರುತ್ತದೆ. ಐಶ್ವರ್ಯಳ ಪಾದದಲ್ಲಿ ಆಗಿದ್ದೂ ಅದೇ. ಡಾಕ್ಟರ್ ನೋಡಿ ಸೆಲ್ಯುಲೈಟಿಸ್ ಎಂದರು. ಅಂದರೆ ಚರ್ಮದ ಒಳಪದರಕ್ಕೆ ಸೋಂಕು ಇಳಿದು ಹರಡುವುದು. ದೊಡ್ಡವರಲ್ಲಿ ಮಾತ್ರೆಗೆ ಬಗ್ಗಬಹುದು. ಇಷ್ಟು ಸಣ್ಣ ಕೂಸಿನಲ್ಲಿ, ಜ್ವರವೂ ಇರುವಾಗ, ರಕ್ತಕ್ಕೆ ಸೇರುವ ಭಯ ಇರುತ್ತದೆ.

ಡಾಕ್ಟರ್ ತೆಲುಗಿನವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಈಗಲೇ ಮಕ್ಕಳ ಆಸ್ಪತ್ರೆಗೆ ಸೇರಿಸಿ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅಮರಪ್ಪ ಬೇಡವೆಂದು ತಲೆಯಾಡಿಸಿದರು.

"ಸೊಳ್ಳಿ ಕಡದದ್ದಕ್ಕ ಯಾರರ ದವಾಖಾನ್ಯಾಗ ಮಲಗಸ್ತಾರೇನ್ರಿ ಅಕ್ಕಾರ? ಮುಲಾಮು ಕೊಡ್ರಿ. ಮಗ ಬರಲಿ, ಆಮ್ಯಾಲ ನೋಡೂಣು."

ಮಗ ಬರುವುದು ಭಾನುವಾರ. ಅದಕ್ಕೆ ಇನ್ನೂ ಐದು ದಿನ.

ಡಾಕ್ಟರ್ ವಾದಕ್ಕಿಳಿಯಲಿಲ್ಲ. ಬಾಲ್ ಪೆನ್ ತೆಗೆದು, ಕೂಸಿನ ಪಾದದಲ್ಲಿ ಕೆಂಪು ಎಲ್ಲಿ ಮುಗಿಯುತ್ತದೋ ಅಲ್ಲಿ ಸುತ್ತಲೂ ಒಂದು ಗೆರೆ ಎಳೆದರು. ಪಕ್ಕದಲ್ಲಿ "11.00" ಎಂದು ಬರೆದರು. ಔಷಧದ ಮೊದಲ ಡೋಸ್ ಕೊಡಿಸಿದರು. ನಾಲ್ಕು ಗಂಟೆಯವರೆಗೆ ಇಲ್ಲೇ ಕೂತಿರಿ, ಕೆಂಪು ಈ ಗೆರೆ ದಾಟಿದರೆ ಆಸ್ಪತ್ರೆ, ದಾಟದಿದ್ದರೆ ಆಗ ಯೋಚಿಸೋಣ ಎಂದರು. ಅಮರಪ್ಪ ಒಪ್ಪಿದರು. ಓದುಬರಹ ಗೊತ್ತಿಲ್ಲದಿದ್ದರೂ ಅವರು ಮೂವತ್ತು ವರ್ಷ ಗೋಡೆಗೆ ದಾರ ಹಿಡಿದು ಗೆರೆ ನೋಡಿದವರು.

ಕಾಯುವ ಹೊತ್ತಿನಲ್ಲಿ ನಾನು ರಿಜಿಸ್ಟರ್ ತೆಗೆದೆ. ಈ ಕುಟುಂಬಕ್ಕೆ ಜುಲೈನಲ್ಲಿ ನಾನೇ ಸೊಳ್ಳೆ ಪರದೆ ಕೊಟ್ಟಿದ್ದೆ. "ರಾತ್ರಿ ಪರದೆ ಕಟ್ಟುತ್ತಾರೆಯೇ?" ಎಂಬ ಕಾಲಂನಲ್ಲಿ ನಾಲ್ಕು ಭೇಟಿಗೂ "ಹೌದು" ಎಂದು ನನ್ನ ಕೈಬರಹವೇ ಇತ್ತು. ನನಗೆ ಸಿಟ್ಟು ಬಂತು.

"ದುರಗಮ್ಮ, ಪರದಿ ಕಟ್ತೀನಿ ಅಂತ ಸುಳ್ಳು ಹೇಳಿದ್ಯಾ?"

"ಇಲ್ರಿ ಅಕ್ಕಾರ, ದಿನಾ ಕಟ್ಟತೀವಿ. ನೀವು ರಾತ್ರೀದಷ್ಟ ಕೇಳಿದ್ರಿ. ಕೂಸು ಮಲಗೂದು ಹಗಲಿನ್ಯಾಗ ಜಾಸ್ತಿ ಐತ್ರಿ."

"ಹಗಲು ಎಲ್ಲಿ ಮಲಗಸ್ತಿ?"

"ಸೈಟಿನ್ಯಾಗ, ಜೋಲ್ಯಾಗ. ನಾ ಇಟ್ಟಂಗಿ ಹೊರ್ತಾ ಹೊರ್ತಾ ಒಂದೊಂದು ಸಲ ತೂಗಿ ಹೋಗ್ತೀನಿ."

ಸೀರೆಯ ಜೋಲಿಯಲ್ಲಿ ಕೂಸು ಮಲಗಿದರೆ ಮೈಯೆಲ್ಲ ಬಟ್ಟೆಯೊಳಗೆ ಇರುತ್ತದೆ. ಹೊರಗೆ ಇಳಿಬೀಳುವುದು ಒಂದು ಕಾಲು. ನಾನು ಐಶ್ವರ್ಯಳ ಮೈ ಪೂರ್ತಿ ನೋಡಿದೆ. ಹೊಟ್ಟೆ, ಬೆನ್ನು, ಮುಖ, ಬಲಗಾಲು ಎಲ್ಲ ಸ್ವಚ್ಛವಾಗಿದ್ದವು. ಕಡಿತವೆಲ್ಲ ಎಡಪಾದದಲ್ಲೇ. ಕಚ್ಚಿದ ಸೊಳ್ಳೆ ಹಗಲಿನದು, ಕಚ್ಚಿದ ಜಾಗ ಸೈಟು. ಡೆಂಗಿ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ ಎಂದು ನಾನು ಎಷ್ಟೋ ಸಭೆಗಳಲ್ಲಿ ಹೇಳಿಕೊಟ್ಟಿದ್ದೇನೆ. ಆದರೂ ಮನೆಮನೆಗೆ ಹೋದಾಗ ಫಾರಂನಲ್ಲಿ ಅಚ್ಚಾದ ಪ್ರಶ್ನೆಯನ್ನಷ್ಟೇ ಕೇಳಿ ಬಂದಿದ್ದೆ.

ನಾಲ್ಕು ಗಂಟೆಗೆ ಡಾಕ್ಟರ್ ಪಾದ ನೋಡುವ ಮೊದಲೇ ಅಮರಪ್ಪ ಬಗ್ಗಿ ನೋಡಿದರು. ಕೆಂಪು ಬಣ್ಣ ಪೆನ್ನಿನ ಗೆರೆಯಿಂದ ಒಂದು ಬೆರಳಿನಷ್ಟು ಮೇಲಕ್ಕೆ ಹೋಗಿತ್ತು.

"ಗೆರಿ ದಾಟೈತಿ," ಎಂದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. "ಎಲ್ಲಿ ಒಯ್ಯಬೇಕು, ನಡೀರಿ."

ಆಂಬುಲೆನ್ಸ್ ಇಪ್ಪತ್ತು ನಿಮಿಷದಲ್ಲಿ ಬಂತು. ಐಶ್ವರ್ಯಳನ್ನು ಸರ್ಕಾರಿ ಮಕ್ಕಳ ಆಸ್ಪತ್ರೆಗೆ ಸೇರಿಸಿದರು. ಆ ಪೆನ್ನಿನ ಗೆರೆ ಇಲ್ಲದಿದ್ದರೆ ಅಮರಪ್ಪ ಮುಲಾಮು ತೆಗೆದುಕೊಂಡು ಶೆಡ್ಡಿಗೆ ಹೋಗುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಡಾಕ್ಟರಿಗೆ ನಾನು ಋಣಿ. ಆಮೇಲೆ ನಿವೃತ್ತಿಯವರೆಗೂ ನನ್ನ ಜೇಬಿನಲ್ಲಿ ಅದಕ್ಕೆಂದೇ ಒಂದು ಪೆನ್ ಇರುತ್ತಿತ್ತು.

ಗುರುವಾರ ಬೆಳಿಗ್ಗೆ ನಾನು ಸೈಟಿಗೆ ಹೋದೆ. ಅಲ್ಲಿ ಇನ್ನೂ ಐದು ಸಣ್ಣ ಮಕ್ಕಳಿದ್ದವು. ಐದಕ್ಕೂ ಕಾಲಲ್ಲಿ, ಮೊಣಕೈಯಲ್ಲಿ ಕಡಿತದ ಗುಳ್ಳೆ. ಕುಡಿಯುವ ನೀರಿನ ಡ್ರಮ್ಮುಗಳನ್ನು ನೋಡಿದೆ, ಮುಚ್ಚಳ ಭದ್ರವಾಗಿತ್ತು. ಒಡೆದ ಬಕೆಟ್, ಹಳೆ ಟೈರು, ಏನೂ ಇರಲಿಲ್ಲ. ಚೊಕ್ಕಟವಾದ ಸೈಟು. ಜೋಲಿ ಕಟ್ಟುತ್ತಿದ್ದದ್ದು ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕ. ನೆರಳು, ಗಾಳಿ, ತಾಯಿಯ ಕಣ್ಣಿಗೆ ಬೀಳುವ ಜಾಗ. ನಾನೇ ಆದರೂ ಅಲ್ಲೇ ಕಟ್ಟುತ್ತಿದ್ದೆ.

ಅಮರಪ್ಪ ಮೇಲಿದ್ದಾರೆ ಎಂದು ಕೆಳಗಿದ್ದ ಕೆಲಸದವರು ಹೇಳಿದರು. ಮೆಟ್ಟಿಲು ಹತ್ತಿ ಎರಡನೇ ಮಹಡಿಯ ಸ್ಲ್ಯಾಬಿಗೆ ಹೋದೆ.

ಅವರ ಕೆಲಸ ಕ್ಯೂರಿಂಗ್. ಹೊಸ ಕಾಂಕ್ರೀಟು ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಅದಕ್ಕೆ ಎರಡು ವಾರ ಹಸಿಯಾಗಿ ಇಡಬೇಕು. ಸ್ಲ್ಯಾಬಿನ ಮೇಲೆ ಸಿಮೆಂಟು ಗಾರೆಯಿಂದ ಮೂರು ಬೆರಳು ಎತ್ತರದ ಬದು ಕಟ್ಟಿ, ಚೌಕ ಚೌಕವಾಗಿ ನೀರು ನಿಲ್ಲಿಸುತ್ತಾರೆ. ಅಮರಪ್ಪ ಆ ಚೌಕಗಳಿಗೆ, ಊರಲ್ಲಿ ನೀರಾವರಿ ಹೊಲದ ಪಾತಿಗೆ ಹೇಳುವಂತೆ, ಮಡಿ ಎನ್ನುತ್ತಿದ್ದರು. ಅವತ್ತು ನಲವತ್ತಕ್ಕೂ ಹೆಚ್ಚು ಮಡಿಗಳು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದು ಬದುವೂ ಸೋರುತ್ತಿರಲಿಲ್ಲ.

"ಎಷ್ಟು ದಿನ ಆತು ಕಾಕಾ, ನೀರು ನಿಲ್ಲಿಸಿ?"

"ಇಪ್ಪತ್ತೊಂದು ದಿನಾರೀ. ಇಂಜಿನಿಯರ್ ಹದಿನಾಲ್ಕು ಸಾಕಂತಾರ. ನಾ ಇನ್ನೊಂದು ವಾರ ಇಡತೀನಿ. ಗಟ್ಟಿ ಆಕ್ಕೈತಿ. ನನ್ನ ಸ್ಲ್ಯಾಬಿನ್ಯಾಗ ಈತನಕ ಒಂದು ಬಿರುಕು ಬಂದಿಲ್ಲ."

"ನಡುವ ಖಾಲಿ ಮಾಡ್ತೀರೇನು?"

"ಛೇ! ಖಾಲಿ ಯಾಕ ಮಾಡ್ಲಿ? ಕಡಿಮಿ ಆದಂಗ ಮ್ಯಾಲ ಹಾಕ್ತೀನಿ. ಒಂದ ತಾಸೂ ಒಣಗಾಕ ಬಿಟ್ಟಿಲ್ಲ."

ನನ್ನ ಚೀಲದಲ್ಲಿ ಬಿಳಿ ಪಿಂಗಾಣಿ ತಟ್ಟೆ ಇತ್ತು. ಒಂದು ಮಡಿಯ ಮೂಲೆಯಿಂದ ನೀರು ಎತ್ತಿ ಅವರ ಮುಂದೆ ಹಿಡಿದೆ. ಬಿಳಿಯ ಮೇಲೆ ಸಣ್ಣ ಕಪ್ಪು ಎಳೆಗಳು ಬಳುಕಿ ಬಳುಕಿ ಓಡಾಡಿದವು. ಒಂದೇ ತಟ್ಟೆಯಲ್ಲಿ ಮೂವತ್ತರವರೆಗೆ ಎಣಿಸಿ ನಿಲ್ಲಿಸಿದೆ.

"ಇವು ಸೊಳ್ಳಿ ಮರಿ, ಕಾಕಾ."

ಅಮರಪ್ಪ ನಕ್ಕುಬಿಟ್ಟರು. "ಮಳಿ ನೀರಿನ ಹುಳಾರೀ ಇವು. ಹಳ್ಳದಾಗ, ಬಾಂವ್ಯಾಗ ಎಲ್ಲಾ ಕಡಿ ಇರ್ತಾವು. ಸೊಳ್ಳಿಗಿ ರೆಕ್ಕಿ ಇರ್ತಾವ್ರಿ ಅಕ್ಕಾರ, ಇವಕ್ಕೆಲ್ಲಿ ಅದಾವು?"

ನಾನು ಹೇಳಿ ಪ್ರಯೋಜನವಿರಲಿಲ್ಲ. ನೀರಿನ ಖಾಲಿ ಬಾಟಲಿಯೊಂದಕ್ಕೆ ಆ ನೀರನ್ನು ಅರ್ಧ ಸುರಿದೆ. ಬಾಯಿಗೆ ಪರದೆಯ ತುಂಡು ಕಟ್ಟಿ, ರಬ್ಬರ್ ಹಾಕಿ, ಅವರ ಕೈಗೇ ಕೊಟ್ಟೆ. "ಇದು ನಿಮ್ಮ ಕಡೆನೇ ಇರಲಿ. ನೆರಳಾಗ ಇಡ್ರಿ. ಭಾನುವಾರ ನೋಡೋಣ."

ಮುಂದಿನ ಮೂರು ದಿನ ಅಮರಪ್ಪನ ಶೆಡ್ಡಿನ ಮುಂದೆ ಜನ ನಿಂತು ಬಾಟಲಿ ನೋಡಿದರಂತೆ. ಗಾರೆ ಕೆಲಸದವರು ಹೋಗುತ್ತಾ ಬರುತ್ತಾ ಕಾಡಿದರಂತೆ. "ಅಮರಪ್ಪ ಕಾಕಾ, ಸೊಳ್ಳಿ ಸಾಕೀ ಅಂತಲ್ಲ, ಹಾಲು ಯಾವಾಗ ಕರೀತಿ?" ಎಂದು ಒಬ್ಬ. "ನನಗೊಂದು ಕರು ಕೊಡೋ," ಎಂದು ಇನ್ನೊಬ್ಬ. ಇದನ್ನೆಲ್ಲ ನನಗೆ ಹೇಳಿದವರು ಅಮರಪ್ಪನೇ.

ಆಸ್ಪತ್ರೆಯಲ್ಲಿ ಐಶ್ವರ್ಯಳಿಗೆ ಆರು ಗಂಟೆಗೊಮ್ಮೆ ಇಂಜೆಕ್ಷನ್ ನಡೆಯುತ್ತಿತ್ತು. ಗುರುವಾರ ಪಾದದ ಮೇಲ್ಭಾಗದಲ್ಲಿ ಕೀವು ಗಟ್ಟಿಯಾಗಿ ಕೂತು, ಸಣ್ಣದಾಗಿ ಕೊಯ್ದು ತೆಗೆದರು. ಆ ದಿನ ಜ್ವರ ನೂರಾ ಮೂರಕ್ಕೆ ಹೋಗಿತ್ತು. ಸೋಂಕು ಎಲುಬಿಗೆ ಇಳಿದಿದೆಯೇ ಎಂದು ತಿಳಿಯಲು ಎಕ್ಸ್‌ರೇ ತೆಗೆಸಿದರು. ಎಲುಬಿಗೆ ಹೋಗಿದ್ದರೆ ಚಿಕಿತ್ಸೆ ತಿಂಗಳುಗಟ್ಟಲೆ, ಪಾದ ಮೊದಲಿನಂತೆ ಬೆಳೆಯುವ ಖಾತ್ರಿ ಇಲ್ಲ. ದುರಗಮ್ಮ ನನಗೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ನಡೀತಾಳೇನ್ರಿ ಅಕ್ಕಾರ?" ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ. ಶುಕ್ರವಾರ ವರದಿ ಬಂತು, ಎಲುಬಿನಲ್ಲಿ ಏನೂ ಕಂಡಿಲ್ಲ ಎಂದು. ಶನಿವಾರ ಬೆಳಿಗ್ಗೆ ಜ್ವರ ಇಳಿಯಿತು.

ಭಾನುವಾರ ಮಧ್ಯಾಹ್ನ ಅಮರಪ್ಪ ಬಾಟಲಿ ಹಿಡಿದುಕೊಂಡು ನನ್ನ ಮನೆಯ ಬಾಗಿಲಿಗೆ ಬಂದರು. ವಿಳಾಸವನ್ನು ಕೇಂದ್ರದ ವಾಚ್‌ಮನ್ ಹೇಳಿದ್ದನಂತೆ. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲಲ್ಲೇ ಕೂತರು. ಬಾಟಲಿಯನ್ನು ಬೆಳಕಿಗೆ ಹಿಡಿದರು. ನೀರಿನ ಮೇಲಿನ ಖಾಲಿ ಜಾಗದಲ್ಲಿ ಏಳೆಂಟು ಸೊಳ್ಳೆಗಳು ಗೋಡೆಗೆ ಅಂಟಿ ಕೂತಿದ್ದವು. ಕಪ್ಪು ಕಾಲುಗಳ ಮೇಲೆ ಬಿಳಿ ಪಟ್ಟಿ. ಹಗಲು ಕಚ್ಚುವ ಸೊಳ್ಳೆಯೇ.

"ಇವನ್ನ ನಾನ ಸಾಕೀನಿ," ಎಂದರು ಅಮರಪ್ಪ. "ಕೂಸಿನ ತಲಿ ಮ್ಯಾಲ ಸಾಕೀನಿ. ಕಡದ ಮ್ಯಾಲ ಸುಣ್ಣ ಹಚ್ಚಿದಾಂವನೂ ನಾನ."

ನನ್ನ ರಿಜಿಸ್ಟರಿನಲ್ಲಿ ನಾಲ್ಕು ಸಲ ತಪ್ಪು ಪ್ರಶ್ನೆಗೆ ಉತ್ತರ ಬರೆದುಕೊಂಡ ವಿಷಯವನ್ನು ನಾನೂ ಹೇಳಿದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಿದ್ದದ್ದು ಹಾಗೆ. ಇಬ್ಬರೂ ಚಹಾ ಕುಡಿದೆವು.

ಆಮೇಲೆ ಅವರೇ ಕೇಳಿದರು. "ಮರಿಗಿ ರೆಕ್ಕಿ ಬರಾಕ ಎಷ್ಟು ದಿನ ಬೇಕ್ರಿ?"

"ತತ್ತಿ ಇಟ್ಟಾಗಿಂದ ಏಳು ದಿನ, ಹತ್ತು ದಿನ. ಬಿಸಿಲಿದ್ರ ಇನ್ನೂ ಜಲ್ದಿ."

"ಅಂದ್ರ ನಾಕ ದಿನಕ್ಕೊಮ್ಮಿ ನೀರು ಬದಲಿ ಮಾಡಿದ್ರ? ಒಣಗಸೂದು ಬ್ಯಾಡ, ಬದಲಿ ಮಾಡೂದು. ಕಸಬರಗಿಲೆ ತಳ ತಿಕ್ಕಿ ಹೊರಗ ಹೊಡದು, ಹೊಸ ನೀರು ಬಿಡೂದು."

ಇಷ್ಟು ವರ್ಷ ನಾನು ಕಟ್ಟಡದವರಿಗೆ ನೀರು ನಿಲ್ಲಿಸಬೇಡಿ ಎಂದೇ ಹೇಳಿ, ಎಲ್ಲ ಕಡೆಯೂ ಆಗುವುದಿಲ್ಲ ಎಂದು ಕೇಳಿಸಿಕೊಂಡು ಬಂದಿದ್ದೆ. ಕೆಲಸ ಕೆಡದೆ ಸೊಳ್ಳೆ ತಪ್ಪಿಸುವ ಈ ದಾರಿ ನನಗೆ ಹೊಳೆದಿರಲಿಲ್ಲ. ಅದನ್ನು ಹೇಳಿಕೊಟ್ಟವರು ಅಮರಪ್ಪ.

ಸೋಮವಾರ ಸೈಟ್ ಸೂಪರ್‌ವೈಸರ್ ಒಪ್ಪಲಿಲ್ಲ. "ಸ್ಲ್ಯಾಬ್‌ಕಿ ಏಮೈನಾ ಅಯಿತೇ ಎವರು ಜವಾಬು ಚೆಪ್ತಾರು ಮೇಡಂ?" ಎಂದ. ಸ್ಲ್ಯಾಬಿಗೆ ಏನಾದರೂ ಆದರೆ ಹೊಣೆ ಯಾರು ಎಂಬುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅಮರಪ್ಪ ತಮ್ಮ ಅರೆಬರೆ ಹಿಂದಿಯಲ್ಲಿ ಹೇಳಿದರು. "ಸಾಬ್, ಆಧಾ ಘಂಟಾ. ಗೀಲಾ ತಟ್ಟು ಡಾಲ್ತೂಂ ಮೈಂ." ಒಂದು ಮಡಿ ಖಾಲಿ ಇರುವ ಅರ್ಧ ತಾಸು ಅದರ ಮೇಲೆ ಒದ್ದೆ ಗೋಣಿ ತಟ್ಟು ಹೊದಿಸಿರುತ್ತೇನೆ, ಕಾಂಕ್ರೀಟು ಒಣಗುವುದಿಲ್ಲ ಎಂದು. ಸೂಪರ್‌ವೈಸರ್ ಹನ್ನೊಂದು ವರ್ಷ ಅವರ ಜೊತೆ ಕೆಲಸ ಮಾಡಿದವನು. "ನುವ್ವು ಚೆಪ್ತೇ ಸರೇ," ಎಂದ. ನೀನು ಹೇಳಿದರೆ ಆಯಿತು.

ಅವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ಅಮರಪ್ಪ ಒಂದೊಂದೇ ಮಡಿಯ ನೀರನ್ನು ಪೊರಕೆಯಿಂದ ಹೊರಗೆ ಹೊಡೆದು ಕೆಳಗಿನ ಒಣ ಮರಳಿಗೆ ಬೀಳಿಸಿದರು. ಹುಳುಗಳು ಮರಳಲ್ಲಿ ಸತ್ತವು. ಹಾಲಿನ ಮಾತಾಡಿದವನೇ ಬಂದು ಪೈಪು ಹಿಡಿದ.

ಐಶ್ವರ್ಯ ಎಂಟನೇ ದಿನ, ಮಂಗಳವಾರ ಸಂಜೆ ಶೆಡ್ಡಿಗೆ ಮರಳಿದಳು. ಅಷ್ಟರಲ್ಲಿ ನಾನು ಕೋಠಿ ಮಾರುಕಟ್ಟೆಯಿಂದ ಪರದೆಯ ಬಟ್ಟೆ ತಂದಿಟ್ಟಿದ್ದೆ. ದುರಗಮ್ಮ ಅದನ್ನು ಜೋಲಿಯ ಎರಡೂ ಅಂಚಿಗೆ ಹೊಲಿದು, ಮೇಲೆ ಗಂಟು ಹಾಕುವಂತೆ ಮಾಡಿದಳು. ಎರಡು ವಾರದಲ್ಲಿ ಉಳಿದ ಐದು ಮಕ್ಕಳ ತಾಯಂದಿರೂ ಹಾಗೇ ಹೊಲಿದುಕೊಂಡರು. ಸಂಜೆ ಶೆಡ್ಡಿನ ಬಾಗಿಲು ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವುದನ್ನು ಬಿಡಿಸಿದೆ, ಆ ಹೊಗೆಗೆ ಎರಡು ಮಕ್ಕಳು ಕೆಮ್ಮುತ್ತಿದ್ದವು.

ಕಚ್ಚಿದ ಮೇಲೆ ಏನು ಮಾಡಬೇಕೆಂದು ಎಲ್ಲರನ್ನೂ ಕೂರಿಸಿ ಹೇಳಿದೆ. ಹೆಚ್ಚೇನಿಲ್ಲ. ಸೋಪು ನೀರಲ್ಲಿ ತೊಳೆಯುವುದು, ತಣ್ಣೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಒತ್ತಿ ಹಿಡಿಯುವುದು, ತುರಿಕೆ ಬಹಳ ಇದ್ದರೆ ಕ್ಯಾಲಮೈನ್ ಲೋಷನ್. ಕೂಸಿನ ಉಗುರು ವಾರಕ್ಕೊಮ್ಮೆ ಕತ್ತರಿಸುವುದು. ಸುಣ್ಣ, ಬೂದಿ, ಹಲ್ಲು ತಿಕ್ಕುವ ಪೇಸ್ಟು ಯಾವುದೂ ಬೇಡ. ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಜ್ವರ ಬಂದರೆ ಅದೇ ದಿನ ದವಾಖಾನೆ. ನಾನು ಮುಗಿಸುವ ಮೊದಲೇ ಅಮರಪ್ಪ ಹಿಂದಿನಿಂದ ಕೂಗಿದರು. "ಪೆನ್ನಿಲೆ ಗೆರಿ ಹೊಡೀರಿ. ಗೆರಿ ದಾಟ್ತಂದ್ರ ಯಾರ ಮಾತೂ ಕೇಳಬ್ಯಾಡ್ರಿ, ನನ್ನಂಥ ಮುದುಕಂದಂತೂ ಕೇಳಲೇ ಬ್ಯಾಡ್ರಿ."

ಪ್ರತಿ ಶುಕ್ರವಾರ ನಾನು ಬಿಳಿ ತಟ್ಟೆ ಹಿಡಿದು ಆ ಸ್ಲ್ಯಾಬಿಗೂ ಆಮೇಲೆ ಹಾಕಿದ ಸ್ಲ್ಯಾಬುಗಳಿಗೂ ಹತ್ತುತ್ತಿದ್ದೆ. ಮೊದಲ ವಾರ ಕೆಲವು ಮೂಲೆಗಳಲ್ಲಿ ಹುಳು ಸಿಕ್ಕವು. ಎರಡನೇ ವಾರದಿಂದ ಸಿಗಲಿಲ್ಲ. ಅಕ್ಟೋಬರ್ ಕೊನೆಗೆ ಮಕ್ಕಳ ಕಾಲಲ್ಲಿ ಹೊಸ ಗುಳ್ಳೆ ಕಾಣುವುದು ಬಹುತೇಕ ನಿಂತಿತ್ತು. ಆ ಹೊತ್ತಿಗೆ ಮಳೆಯೂ ಹಿಂದೆ ಸರಿದಿತ್ತು, ಆದ್ದರಿಂದ ಎಲ್ಲವೂ ನೀರು ಬದಲಿಸಿದ್ದರಿಂದಲೇ ಆಯಿತು ಎಂದು ನಾನು ಬರೆಯಲಾರೆ. ಸ್ಲ್ಯಾಬಿನಲ್ಲಿ ಬಿರುಕು ಬರಲಿಲ್ಲ, ಅದನ್ನು ಬರೆಯಬಲ್ಲೆ.

ಆ ತಿಂಗಳೇ ನನ್ನ ರಿಜಿಸ್ಟರಿನಲ್ಲಿ ಸ್ಕೇಲು ಹಿಡಿದು ಒಂದು ಹೊಸ ಕಾಲಂ ಎಳೆದೆ. "ಹಗಲು ಕೂಸು ಎಲ್ಲಿ ಮಲಗುತ್ತದೆ?" ಮೇಲಧಿಕಾರಿಯೊಬ್ಬರು ಇದು ಫಾರಂನಲ್ಲಿ ಇಲ್ಲವಲ್ಲ ಎಂದರು. ಇಲ್ಲ ಎಂದೆ, ಇರಲಿ ಎಂದರು. ನಿವೃತ್ತಿಯಾಗುವ ತನಕ ಆ ಕಾಲಂ ತುಂಬಿಸಿದೆ. ಜನ ನಾವು ಕೇಳಿದ್ದಕ್ಕೆ ನಿಜವನ್ನೇ ಹೇಳುತ್ತಾರೆ. ಏನು ಕೇಳಬೇಕೆಂಬುದನ್ನು ಅವರ ಜೊತೆ ಒಂದು ಹಗಲು ಕಳೆದು ಕಲಿಯಬೇಕು. ಈ ಪಾಠವನ್ನು ನನಗೆ ಕಲಿಸಿದ್ದು ಇಟ್ಟಿಗೆ ಹೊರುವ ಇಪ್ಪತ್ತೆರಡು ವರ್ಷದ ಹುಡುಗಿ, ಅದೂ ನಾನು ಅವಳನ್ನು ಸುಳ್ಳುಗಾತಿ ಎಂದ ಕ್ಷಣದಲ್ಲಿ, ದನಿ ಎತ್ತರಿಸದೆ.

ಮಿಯಾಪುರದ ಕೆಲಸ ಮುಗಿದ ಮೇಲೆ ಆ ಕುಟುಂಬ ನಗರದ ಬೇರೆ ಬೇರೆ ಸೈಟುಗಳಿಗೆ ಹೋಯಿತು. 2020ರಲ್ಲಿ ಅಮರಪ್ಪ ಊರಿಗೆ ಮರಳಿದರು. ದುರಗಮ್ಮ ವರ್ಷಕ್ಕೆ ಎರಡು ಮೂರು ಸಲ ಫೋನ್ ಮಾಡುತ್ತಾಳೆ. ಕಳೆದ ಜೂನ್‌ನಲ್ಲಿ ಮಾಡಿದಾಗ, ಐಶ್ವರ್ಯ ಶಾಲೆಗೆ ದಿನಾ ಎರಡು ಕಿಲೋಮೀಟರ್ ನಡೆದುಕೊಂಡು ಹೋಗುತ್ತಾಳೆ, ಹೊಸ ಚಪ್ಪಲಿ ಎರಡೂ ಕಾಲಿಗೆ ಒಂದೇ ಅಳತೆ ತಂದೆವು ಎಂದು ಹೇಳಿದಳು.